ದುಡ್ಡು ಕೊಟ್ಟು ನೋಡಿದ ಜಿಂಕೆ

ನಮ್ಮ ಕಡೆ ಸಿಂಹಗಳಿಗೇನೂ ಬರವಿಲ್ಲ. ಆದರೆ ಎಲ್ಲವೂ ಕಲ್ಲಿನವು. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಮೇಲೆ ಸಳ ಇವತ್ತಿಗೂ ಸಿಂಹದ ಜೊತೆ ಸೆಣಸುತ್ತಲೇ ಇದ್ದಾನೆ. ಕಥೆಯಲ್ಲಿ ಗುರುಗಳು ‘ಹೊಯ್ ಸಳ’ ಎಂದದ್ದು ಹುಲಿಯನ್ನು ಕಂಡು. ಕಲ್ಲಿಗೆ ಇಳಿಯುವಾಗ ಅದಕ್ಕೆ ಕೇಸರ ಬಂದು ಸಿಂಹವಾಯಿತು. ನಮ್ಮೂರು ಕುಬಟೂರಿನ ಕೈಟಭೇಶ್ವರ ದೇವಾಲಯ ಕಟ್ಟಿದ್ದು 1100ರ ಸುಮಾರಿಗೆ. ಆ ಕಾಲದ ಶಿಲ್ಪಿಗಳಲ್ಲಿ ಜೀವಂತ ಸಿಂಹವನ್ನು ಕಂಡವರು ಎಷ್ಟು ಜನರಿದ್ದರೋ! ಹುಲಿಯನ್ನು ಮಾತ್ರ ಕಂಡೇ ಇರುತ್ತಾರೆ. ಮಲೆನಾಡಿನಲ್ಲಿ ಹುಲಿದೇವರಿಗೆ ಪೂಜೆ ಇವತ್ತಿಗೂ ನಿಂತಿಲ್ಲ.

ದೊಡ್ಡಪ್ಪನ ಮೊಮ್ಮಗಳು ಎರಡನೇ ಕ್ಲಾಸು. ಅವಳಿಗೆ ಅಲ್ಲಾಡುವ ಸಿಂಹವೇ ಬೇಕು. ಮೈಸೂರಿನ ಮೃಗಾಲಯ ದೂರದ ಮಾತು. 1892ರಲ್ಲಿ ಮಹಾರಾಜರು ಶುರುಮಾಡಿದ ಆ ಜಾಗಕ್ಕೆ ನಮ್ಮೂರಿನವರು ಹೋಗುವುದು ಶಾಲೆಯ ಪ್ರವಾಸದಲ್ಲಿ, ಅದೂ ಆಯುಷ್ಯದಲ್ಲಿ ಒಂದು ಸಲ. ನಮಗೆ ಹತ್ತಿರವಿರುವುದು ಶಿವಮೊಗ್ಗದ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ. ಸಾಗರ ರಸ್ತೆಯಲ್ಲಿ, ಪೇಟೆಯಿಂದ ಹತ್ತು ಕಿಲೋಮೀಟರು. ಸೆಪ್ಟೆಂಬರಿನ ಒಂದು ಭಾನುವಾರ ಹೊರಟೆವು. ದೊಡ್ಡಪ್ಪ ಬರಲು ಒಪ್ಪಿದ್ದೇ ಒಂದು ಕರಾರಿನ ಮೇಲೆ: ಕತ್ತಲಾಗುವುದರೊಳಗೆ ಮನೆ ಸೇರಬೇಕು. ಗೋವಿನಜೋಳ ತೆನೆಗಟ್ಟಿತ್ತು. ರಾತ್ರಿ ಹೊಲ ಕಾಯದಿದ್ದರೆ ಬೆಳಿಗ್ಗೆ ನೋಡಲು ಬರೀ ದಂಟು ಉಳಿಯುತ್ತದೆ.

ಆನವಟ್ಟಿ, ಸೊರಬ, ಸಾಗರ, ಆನಂದಪುರ, ಕುಂಸಿ. ದಾರಿಯುದ್ದಕ್ಕೂ ಅವರು ನೋಡಿದ್ದು ಬೇರೆಯವರ ಹೊಲಗಳನ್ನು. ಯಾರು ತಂತಿ ಹಾಕಿದ್ದಾರೆ, ಯಾರು ಹಳೇ ಸೀರೆ ಕಟ್ಟಿದ್ದಾರೆ, ಯಾರು ಬೇಸಾಯದ ಸಹವಾಸವೇ ಬೇಡವೆಂದು ಅಡಿಕೆ ಸಸಿ ಇಟ್ಟಿದ್ದಾರೆ, ಎಲ್ಲವನ್ನೂ ಲೆಕ್ಕ ಹಿಡಿದರು. ಕಾಡಿಗೆ ತಾಗಿದ ತಮ್ಮದೇ ಒಂದೆಕರೆಯನ್ನು ಈ ವರ್ಷ ಬಿತ್ತದೆ ಬಿಟ್ಟಿದ್ದರು. ಅದರ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಟಿಕೆಟ್ ತಗೊಂಡು, ಕಿಟಕಿಗೆ ಜಾಲರಿ ಹೊಡೆದ ಬಸ್ಸು ಹತ್ತಿದೆವು. ಪ್ರಾಣಿಗಳು ಬಯಲಲ್ಲಿ, ಮನುಷ್ಯರು ಬೋನಿನಲ್ಲಿ. ಸಫಾರಿಯ ಈ ತಮಾಷೆಯನ್ನು ಬಸ್ಸಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಅವತ್ತೂ ಹೇಳಿದರು. ಮೊದಲು ಸಿಕ್ಕಿದ್ದು ಚುಕ್ಕೆ ಜಿಂಕೆಗಳ ಹಿಂಡು. ಬಸ್ಸು ನಿಂತಿತು. ಅಷ್ಟೂ ಮೊಬೈಲುಗಳು ಜಾಲರಿಗೆ ಒತ್ತಿದವು. ‘ಅಯ್ಯೋ, ಎಷ್ಟು ಚಂದ!’ ಎಂದು ಹಿಂದಿನ ಸೀಟಿನ ಹೆಂಗಸರೊಬ್ಬರು ಉಸಿರುಬಿಟ್ಟರು.

ದೊಡ್ಡಪ್ಪ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, ‘ಇದಕ್ಕೂ ಸೇರಿಸಿನಾ ದುಡ್ಡು?’

‘ಹೌದು.’

‘ನಮ್ಮನೇಲಿ ಪುಕ್ಕಟೆ ಬರ್ತಾವಲ್ಲೋ ಮಾರಾಯ. ಬರಬೇಡಿ ಅಂದ್ರೂ ಬರ್ತಾವೆ.’

ಸುತ್ತಲಿದ್ದವರು ನಕ್ಕರು, ಅವರೂ ನಕ್ಕರು. ಆದರೆ ಆ ಜಿಂಕೆಗಳನ್ನು ಅವರು ನೋಡಿದಷ್ಟು ಹೊತ್ತು ಬೇರೆ ಯಾರೂ ನೋಡಲಿಲ್ಲ. ಹಗಲು ಬೆಳಕಿನಲ್ಲಿ, ಬೆದರದೆ, ಓಡದೆ, ಕಿವಿ ಅಲ್ಲಾಡಿಸುತ್ತ ನಿಂತ ಜಿಂಕೆಯನ್ನು ಅವರು ಎಷ್ಟು ಸಲ ಕಂಡಿದ್ದಾರು? ಅವರ ಪಾಲಿಗೆ ಜಿಂಕೆ ಎಂದರೆ ಬ್ಯಾಟರಿ ಬೆಳಕಿಗೆ ಹೊಳೆದು ಮಾಯವಾಗುವ ಎರಡು ಕಣ್ಣು, ಬೆಳಿಗ್ಗೆ ಮಣ್ಣಿನಲ್ಲಿ ಗೊರಸಿನ ಗುರುತು. ಅವರಪ್ಪನ ಕಾಲದಲ್ಲಿ ಕೋವಿ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಅಪರಾಧ. ಆ ಕಾಯಿದೆ ಇಲ್ಲದಿದ್ದರೆ ಬಸ್ಸಿನಲ್ಲಿದ್ದ ನಾವ್ಯಾರೂ ಕಾಡಿನಲ್ಲಿ ಏನನ್ನೂ ನೋಡುತ್ತಿರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಖರ್ಚು ಯಾರ ಹೊಲದಿಂದ ಹೋಗುತ್ತದೆ ಎನ್ನುವುದು ‘ಎಷ್ಟು ಚಂದ’ ಎನ್ನುವವರ ಕಿವಿಗೆ ಬೀಳುವುದು ಕಡಿಮೆ. ಅವರನ್ನೂ ದೂರಲಾಗದು. ನಿಜಕ್ಕೂ ಚಂದವೇ ಇದ್ದವು.

ಸಿಂಹ ಮಲಗಿತ್ತು. ಮೊಮ್ಮಗಳು ಎಷ್ಟು ಕರೆದರೂ ಬಾಲ ಕೂಡ ಎತ್ತಲಿಲ್ಲ. ‘ಅಜ್ಜ, ಇದೂ ಕಲ್ಲಿಂದಾ?’ ಎಂದಳು. ಏಷ್ಯಾದ ಸಿಂಹಗಳು ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ ಎಂದು ನಾನು ವಿವರಿಸಲು ಹೋದೆ. ಅಷ್ಟರಲ್ಲಿ ಹುಲಿ ಬಂತು. ಅದು ರಸ್ತೆ ದಾಟಿದ ಅರ್ಧ ನಿಮಿಷ ಬಸ್ಸಿನಲ್ಲಿ ಯಾರೂ ಫೋಟೋ ತೆಗೆಯಲಿಲ್ಲ ಎಂದೇ ನನ್ನ ನೆನಪು. ದೊಡ್ಡಪ್ಪ ಎರಡೂ ಕೈ ಜೋಡಿಸಿ ಕೂತಿದ್ದರು.

ಬಸ್ಸಿಳಿದು ಚಿರತೆಯ ಹತ್ತಿರ ಹೋದಾಗ ಊಟದ ಹೊತ್ತು ಆಗಿದ್ದಿರಬೇಕು. ಅದು ಬೇಲಿಯುದ್ದಕ್ಕೂ ನಡೆದು, ಒಂದೇ ಜಾಗದಲ್ಲಿ ಹೆಜ್ಜೆ ತಿರುಗಿಸಿ, ಮತ್ತೆ ಅದೇ ದಾರಿ ಹಿಡಿಯುತ್ತಿತ್ತು. ಆಹಾರ ಬರುವ ಮುಂಚೆ ಹೀಗೆ ಅಡ್ಡಾಡುವುದನ್ನು ಹಲವು ಮೃಗಾಲಯಗಳಲ್ಲಿ ನೋಡಬಹುದು. ಎರಡು ವರ್ಷದ ಹಿಂದೆ ಮನೆಯಂಗಳದಿಂದ ದೊಡ್ಡಪ್ಪನ ನಾಯಿ ಕರಿಯನನ್ನು ಒಯ್ದದ್ದು ಚಿರತೆಯೇ. ಮರುದಿನ ಅವರು ಊಟ ಮಾಡಿರಲಿಲ್ಲ. ಈಗ ಬೈಯುತ್ತಾರೆ ಎಂದುಕೊಂಡೆ. ಬೇಲಿಯ ಮುಂದೆ ಕೈಕಟ್ಟಿ ನಿಂತು ಅದರ ಸುತ್ತುಗಳನ್ನು ಎಣಿಸಿದರು. ಇಪ್ಪತ್ತರ ಮೇಲೆ ಬಿಟ್ಟರು.

‘ಗಾಣದ ಎತ್ತು ಹಿಂಗೇ ತಿರುಗ್ತಿತ್ತು. ಅದು ತಿರುಗಿದ್ರೆ ಬೆಲ್ಲನಾದ್ರೂ ಆಗ್ತಿತ್ತು.’

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಕರಿಯನ್ನ ತಗೊಂಡು ಹೋಗಿದ್ದು ಎತ್ಲಾಗೋ ಕಾಡಲ್ಲಿ ಆರಾಮ ಇರಬೇಕು’ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಸಮಾಧಾನವಿತ್ತೇನೋ, ನನಗೆ ಹೇಳಲಾಗದು.

ಹೊರಗೆ ಮರದಡಿ ಮನೆಯಿಂದ ತಂದ ಚಪಾತಿ ಬಿಚ್ಚಿದಾಗ ಮಂಗ ಇಳಿದು ಮೊಮ್ಮಗಳ ಕೈಯಿಂದ ಚುರುಮುರಿ ಪೊಟ್ಟಣ ಕಿತ್ತುಕೊಂಡಿತು. ಅದಕ್ಕೆ ಬೇಲಿಯೂ ಇಲ್ಲ, ಫಲಕವೂ ಇಲ್ಲ. ದೊಡ್ಡಪ್ಪನಿಗೆ ಖುಷಿಯೋ ಖುಷಿ. ‘ನೋಡು, ಇದು ನಮ್ಮೂರಿಂದೇ!’ ಎಂದು ಗುರುತಿನವರು ಸಿಕ್ಕಂತೆ ಚಪ್ಪಾಳೆ ತಟ್ಟಿದರು.

ಆರೂವರೆಗೆ ಊರು ಸೇರಿದೆವು. ಚಹಾ ಕುಡಿದು, ಕಂಬಳಿ, ಬ್ಯಾಟರಿ ತಗೊಂಡು ಅವರು ಮಾಳಕ್ಕೆ ಹೋದರು. ಮೊಮ್ಮಗಳು ಜಿಂಕೆಯ ಚಿತ್ರ ಬರೆಯುತ್ತ ಅಲ್ಲೇ ಚಾಪೆಯ ಮೇಲೆ ನಿದ್ದೆಹೋದಳು. ಹತ್ತು ಗಂಟೆಯ ಹೊತ್ತಿಗೆ ಹೊಲದ ಕಡೆಯಿಂದ ಪೈಪಿನ ಕೋವಿ ಎರಡು ಸಲ ಢಂ ಎಂದಿತು. ಅವಳು ತಟ್ಟನೆ ಎದ್ದು ಕೂತಳು.

‘ಅಜ್ಜಿ, ಅಜ್ಜ ಜಿಂಕೆಗೆ ಹೊಡೆದ್ನಾ?’

‘ಹೊಡೆಯೋದೆಂತದು, ಬರೀ ಸದ್ದು ಅದು. ಹಂದಿಗಿರಬೇಕು. ಮಲಕ್ಕೋ’ ಎಂದು ದೊಡ್ಡಮ್ಮ ಅವಳಿಗೆ ಹೊದಿಕೆ ಎಳೆದರು.