ಪುಕ್ಕಟೆ ಟಿಕೀಟು, ಅರ್ಧ ಟಿಕೀಟು

ಆಳಂದ ತಾಲ್ಲೂಕಿನ ಮಟಕಿಯಲ್ಲಿ ನಮ್ಮ ಅತ್ತಿಯ ಮನೆ. ಉಮರ್ಗಾದ ಮಾಮಾ ಅಲ್ಲಿಗೆ ಬಂದರೆ ಚಹಾಕ್ಕಿಂತ ಮೊದಲು ಜಗಳ ಬರುತ್ತದೆ. ಅವರು ನಮ್ಮ ಆಯಿಯ ತವರಿನವರು, ಅತ್ತಿಗೆ ಸೋದರಮಾವನ ಮಗ. ಚೇಷ್ಟೆಗೆ ಸಂಬಂಧವೇ ಪರವಾನಗಿ ಕೊಟ್ಟಿದೆ. ಅವರು ಮಹಾರಾಷ್ಟ್ರದ ವಕೀಲರು, ಇವಳು ಕರ್ನಾಟಕದ ವಕೀಲಳು. ಮುಂಬೈ ಆಗಲಿ ಬೆಂಗಳೂರಾಗಲಿ ಇಬ್ಬರಿಗೂ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗುವಷ್ಟು ದೂರ. ಕಕ್ಷಿದಾರರಿಗೆ ತಮ್ಮ ಪರವಾಗಿ ಹೀಗೊಂದು ವಾದ ನಡೆದಿದೆ ಎಂಬುದೇ ಗೊತ್ತಿಲ್ಲ.

"ನಮ್ದು ಮೂರು ಲಕ್ಷ ಚದರ ಕಿಲೋಮೀಟರ್ ಅದ. ನಿಮ್ದು ಎರಡೂ ತುಂಬಂಗಿಲ್ಲ" ಎಂದು ಮಾಮಾ ಶುರು ಮಾಡುತ್ತಾರೆ. ಲೆಕ್ಕವೇನೋ ಸರಿಯೇ: 3,07,713ಕ್ಕೆ ನಮ್ಮದು 1,91,791. ಲೋಕಸಭೆಗೆ ಅವರು 48, ನಾವು 28. ಅತ್ತಿ ಒಲೆ ಮುಂದಿನಿಂದಲೇ, "ಹೊಲ ದೊಡ್ಡದಿದ್ರ ಆತೇನ್ರಿ, ಬೆಳಿ ಬರಬೇಕಲ್ಲ" ಅನ್ನುತ್ತಾಳೆ.

ನಿಜವಾದ ಕಾಳಗ ನಡೆದದ್ದು 2023ರಲ್ಲಿ. ಮಾರ್ಚಿನಲ್ಲಿ ಮಹಾರಾಷ್ಟ್ರ ತನ್ನ ಎಸ್.ಟಿ. ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು ಮಾಡಿತು. ಮಾಮಾ ಮೀಸೆ ತಿರುವುತ್ತ ಓಡಾಡಿದರು. ಜೂನ್ 11ಕ್ಕೆ ನಮ್ಮಲ್ಲಿ ಶಕ್ತಿ ಯೋಜನೆ ಬಂದು ಪೂರಾ ಪುಕ್ಕಟೆಯಾಯಿತು, ಮೀಸೆ ಇಳಿಯಿತು. ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಬೇರೆ. ಮರುವರ್ಷ ಅವರ ಕಡೆ ಲಾಡಕಿ ಬಹೀಣ ಯೋಜನೆ ಬಂತು, ಆದರೆ 1500. "ತಂಗಿ ಅಂತ ಕರದು ಐನೂರು ಕಡಿಮಿ ಕೊಟ್ರಲ್ರಿ" ಎಂದು ಅತ್ತಿ ತೊಗರಿ ಕೇರುತ್ತಲೇ ತೀರ್ಪು ಕೊಟ್ಟಳು. ಮಾಮಾ, "ನಿಮ್ದು ಎರಡು ಸಾವಿರ ಯಾವ ತಿಂಗಳದ್ದು ಯಾವ ತಿಂಗಳಿಗಿ ಬರ್ತದ, ಅದನ್ನ ಹೇಳು ಮೊದಲ" ಅಂದರು. ಅತ್ತಿಗೆ ಕೇಳಿಸಲಿಲ್ಲ. ಮೊರದ ಸಪ್ಪಳ ಜೋರಾಗಿತ್ತು.

ಹಾಗಂತ ಅವಳೇನೂ ಕಟ್ಟಾ ಕರ್ನಾಟಕದವಳಲ್ಲ. ಉಮರ್ಗಾಕ್ಕೆ ಹೊರಟರೆ ಖಜೂರಿ ತನಕ ನಮ್ಮ ಪುಕ್ಕಟೆ, ಗಡಿ ದಾಟಿದ ಮೇಲೆ ಅವರ ಅರ್ಧ. ಎರಡು ಸರ್ಕಾರಗಳಿಂದಲೂ ಉಡಿ ತುಂಬಿಸಿಕೊಳ್ಳುತ್ತಾಳೆ. ಮಾಮಾರದ್ದೂ ಅದೇ ಕತೆ. ಎಪ್ಪತ್ತೈದು ದಾಟಿದವರಿಗೆ ಎಸ್.ಟಿ. ಪುಕ್ಕಟೆಯಾದ್ದರಿಂದ ಗಡಿವರೆಗೆ ರಾಜನಂತೆ ಬಂದು, ಆಮೇಲೆ ಗೊಣಗುತ್ತ ಕಿಸೆಗೆ ಕೈಹಾಕುತ್ತಾರೆ. ಬರುವಾಗ ಸೊಲ್ಲಾಪುರದ ಶೇಂಗಾ ಚಟ್ನಿಯ ಪಾಕೀಟು ತರುತ್ತಾರೆ. ಅತ್ತಿ ರೊಟ್ಟಿಯ ಚೂರಿನಿಂದ ಒತ್ತಿ ತಿಂದು, "ಉಪ್ಪು ಜಾಸ್ತಿ ಆಗ್ಯದ" ಎನ್ನುತ್ತಲೇ ಇನ್ನೊಂದು ಚಮಚೆ ಹಾಕಿಕೊಳ್ಳುತ್ತಾಳೆ. ಹೋಗುವಾಗ ಮಾಮಾ, "ನಮ್ಮ ಲಾತೂರ ಬ್ಯಾಳಿ ಮುಂದ ನಿಮ್ದೇನು" ಎಂದು ಮೂಗು ಮುರಿದು, 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಬೇಳೆಯನ್ನು ಚೀಲದ ತಳಕ್ಕೆ ಸೇರಿಸಿ ಮೇಲೆ ಧೋತರ ಮುಚ್ಚುತ್ತಾರೆ.

ಆಯಿಯ ಮದುವೆಯಾದಾಗ ಈ ತಕರಾರೇ ಇರಲಿಲ್ಲ. ಆಳಂದವೂ ಉಮರ್ಗಾವೂ ನಿಜಾಮನ ಸಂಸ್ಥಾನಕ್ಕೇ ಸೇರಿದ್ದವು. 1956ರ ನವೆಂಬರಿನಲ್ಲಿ ಅವಳ ಗಂಡನ ಮನೆ ಮೈಸೂರು ರಾಜ್ಯಕ್ಕೆ ಹೋಯಿತು, ತವರು ಮುಂಬಯಿ ರಾಜ್ಯಕ್ಕೆ. 1960ರಲ್ಲಿ ತವರು ಮಹಾರಾಷ್ಟ್ರವಾಯಿತು, 1973ರಲ್ಲಿ ಗಂಡನ ಮನೆ ಕರ್ನಾಟಕವಾಯಿತು. ಅವಳು ಮಾತ್ರ ಅದೇ ಕಟ್ಟೆಯ ಮೇಲೆ ಕೂತು ಅದೇ ಎಲೆ ಅಡಿಕೆ ಕುಟ್ಟುತ್ತಿದ್ದಳು. ಪಂಚಮಿ ಹತ್ತಿರ ಬಂದಾಗ ಯಾವ ರಾಜ್ಯ ಚಲೋ ಎಂದು ಯಾರಾದರೂ ಕೇಳಿದರೆ, "ಎರಡೂ ಹಾಳಾಗಿ ಹೋಗ್ಲಿ, ಅಣ್ಣ ಬಂದ್ನೇನು ಹೊರಗ ನೋಡು" ಅನ್ನುತ್ತಿದ್ದಳು. ಅಣ್ಣನೂ ಹೋದ, ಆಯಿಯೂ ಹೋದಳು. ಈಗ ಪಂಚಮಿಗೆ ಕರೆಯಲು ಬರುವುದು ಫೋನು.

ಆಯಿಯ ಗಂಡ ಮುತ್ಯಾನದು ಬೇರೆ ರೀತಿ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಮೈಸೂರಿಗೆ ಕೊಡಬೇಕೆಂದಿತು. ವರದಿ ಕಡತದಲ್ಲೇ ಉಳಿಯಿತು, ಮುತ್ಯಾನ ತಲೆಯಲ್ಲಿ ಮಾತ್ರ ಜಾರಿಯಾಯಿತು. ಸೊಲ್ಲಾಪುರದ ಪೇಟೆಯಲ್ಲಿ ಚಾದರ ಕೊಳ್ಳುವಾಗ ಸ್ವಂತ ರಾಜ್ಯದವನ ಗತ್ತಿನಲ್ಲೇ ಚೌಕಾಸಿ ಮಾಡುತ್ತಿದ್ದ.

ದೇವರ ವಿಷಯಕ್ಕೆ ಬಂದರೆ ವಕೀಲರಿಬ್ಬರೂ ತಡವರಿಸುತ್ತಾರೆ. ಪಂಢರಪುರದ ವಿಠ್ಠಲನನ್ನು ಮರಾಠಿ ಸಂತರೇ ಕನ್ನಡಿಗನೆಂದು ಹಾಡಿದ್ದಾರೆ. ಇತ್ತ ಭೀಮಾ ಅಮರ್ಜಾ ಕೂಡುವ ಗಾಣಗಾಪುರ ನಮ್ಮ ಅಫಜಲಪುರ ತಾಲ್ಲೂಕಿನದು. ಅಲ್ಲಿ ನೆಲೆಸಿದ ನರಸಿಂಹ ಸರಸ್ವತಿಗಳು ವಿದರ್ಭದ ಕಾರಂಜಾದವರು, ಭಕ್ತರ ಸಾಲಿನಲ್ಲಿ ಮರಾಠಿಯೇ ಹೆಚ್ಚು ಕೇಳುತ್ತದೆ.

2022ರ ಡಿಸೆಂಬರಿನಲ್ಲಿ ಗಡಿ ಗಲಾಟೆಯಾಗಿ ಬಸ್ಸುಗಳಿಗೆ ಮಸಿ ಬಳಿದಾಗ ಮಾಮಾ ಬರಲಿಲ್ಲ. ಅತ್ತಿ ಟಿ.ವಿ.ಗೆ ಬೈದಳು, ಅವರಿಗಲ್ಲ.

ಹೊಸ ಹುಡುಗರಿಗೆ ಇದೆಲ್ಲ ಬೇಡ. ಮಾಮಾರ ಮೊಮ್ಮಗ ಪುಣೆಯಲ್ಲಿ, ಅತ್ತಿಯ ಮೊಮ್ಮಗ ಬೆಂಗಳೂರಿನಲ್ಲಿ. ಕಳೆದ ದೀಪಾವಳಿಗೆ ಇಬ್ಬರೂ ಮಟಕಿಗೆ ಬಂದು, ತಮ್ಮ ತಮ್ಮ ಊರಿನ ಬಾಡಿಗೆ, ಟ್ರಾಫಿಕ್ಕು ಹೇಳಿಕೊಂಡು ಅಳುತ್ತಿದ್ದರು. ಯಾರದು ಹೆಚ್ಚೆಂಬ ಮಾತೇ ಇಲ್ಲ. ಕೇಳಿ ಕೇಳಿ ಮಾಮಾರಿಗೆ ತಡೆಯಲಾಗಲಿಲ್ಲ.

"ಟ್ರಾಫಿಕ್ಕಿನಾಗೂ ನಮ್ಮ ಪುಣೆನೇ ಮುಂದ! ಹಿಂಜವಡಿದಾಗ ಒಮ್ಮೆ ಸಿಕ್ಕೊಂಡ್ರ ಮುಗೀತು."

ಬೆಂಗಳೂರನ್ನು ಕಣ್ಣಿಂದ ಕಾಣದ ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗು ಸಿಕ್ಕಿಸಿಕೊಂಡಳು.

"ನೀವು ಸಿಲ್ಕ್ ಬೋರ್ಡ್ ನೋಡೀರೇನ್ರಿ?"