ಗುರುತಿಗೆ ಗರಿ ಇಡು

ನಮ್ಮ ದಕ್ಷಿಣ ಕನ್ನಡದ ಕಡೆ ಪತ್ತನಾಜೆ ಬಂತೆಂದರೆ ಬೇಸಿಗೆ ಮುಗಿದ ಹಾಗೆ. ಮೇ 24ರ ಆಸುಪಾಸಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಅಷ್ಟರೊಳಗೆ ಹಪ್ಪಳ ಒಣಗಬೇಕು, ಪುನರ್ಪುಳಿ ಸಿಪ್ಪೆ ಡಬ್ಬಿ ಸೇರಬೇಕು, ಸೌದೆ ಕೊಟ್ಟಿಗೆಗೆ ಬರಬೇಕು. ನನ್ನ ಅಜ್ಜಿಯ ಪಟ್ಟಿಯಲ್ಲಿ ಇನ್ನೊಂದಿದೆ. ಮುಂಬೈಯ ಮಾವ ಬಂದು ಹೋಗಬೇಕು.

ಹಲಸಿನ ಹಪ್ಪಳ ಮಾಡಿದವರಿಗೆ ಗೊತ್ತು, ಅದು ಒಬ್ಬರಿಂದ ಆಗುವ ಕೆಲಸವಲ್ಲ. ಚೆನ್ನಾಗಿ ಬೆಳೆದ, ಆದರೆ ಹಣ್ಣಾಗದ ಹಲಸು ಬೇಕು. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಲು ಒಬ್ಬರು, ಬೇಯಿಸಲು ಒಬ್ಬರು, ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದಲು ಇನ್ನೊಬ್ಬರು. (ಗುದ್ದಿದ ಹಿಟ್ಟಿಗೆ ತೆಂಗಿನೆಣ್ಣೆ ಹಾಕಿ ಒಂದು ಉಂಡೆ ತಿನ್ನುವ ಸುಖ ಕರಿದ ಹಪ್ಪಳದಲ್ಲೂ ಇಲ್ಲ. ಬೇಕಾದರೆ ವಾದಕ್ಕೆ ಬನ್ನಿ.) ಮೊದಲು ಮಣೆ ಒತ್ತಲು ನಾವು ಹನ್ನೊಂದು ಮೊಮ್ಮಕ್ಕಳು ಜಗಳವಾಡುತ್ತಿದ್ದೆವು. ಈ ಸಲ ಅಂಗಳದಲ್ಲಿ ಇದ್ದದ್ದು ನಾನು, ಅಮ್ಮ, ಮತ್ತೆ ಕಾಗೆಗಳು.

ಮಧ್ಯಾಹ್ನ ಕಾಗೆ ಓಡಿಸಲು ಜಗಲಿಯಲ್ಲಿ ಕೂರಬೇಕು. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ಮಳೆಗಾಲ ಕಳೆದ ಮೇಲೆ ಆಪರೇಷನ್. ಹಾಗಾಗಿ ನಾನೇ ಓದಿ ಹೇಳುತ್ತೇನೆ. ಅವಳೇ ಆರಿಸಿದ್ದು ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರ ಪುಸ್ತಕ, ಇಲ್ಲೇ ಸುಬ್ರಹ್ಮಣ್ಯದ ಕಾಡಿನ ಕಡೆಯ ಕಥೆ. ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ ಶಂಕರಿ, ಮನೆ ಬಿಟ್ಟು ಹೋದ ಮಗ. ಗೋಪಾಲಯ್ಯನ ಮಾತಿಗೆ ಅಜ್ಜಿ ನಗುತ್ತಾಳೆ. ಮಗನ ಸುದ್ದಿ ಬಂದ ಕೂಡಲೇ “ಸಾಕು, ಕಾಗೆ ಬಂತು ನೋಡು” ಎನ್ನುತ್ತಾಳೆ. ತಲೆ ಎತ್ತಿದರೆ ಅಂಗಳದಲ್ಲಿ ಕಾಗೆ ಇರುವುದಿಲ್ಲ.

ಮಾವ ಮನೆ ಬಿಟ್ಟು ಓಡಿಹೋದವನೇನಲ್ಲ. ಹೋಟೆಲ್ ಕೆಲಸ, ರಜೆ ಸಿಗುವುದಿಲ್ಲ. ಎರಡು ಬೇಸಿಗೆ ಬಂದಿರಲಿಲ್ಲ. ಅಜ್ಜಿ ದೂರುವುದಿಲ್ಲ. ಸಂಜೆ ತುಳಸಿಕಟ್ಟೆಗೆ ದೀಪ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಬಾಯಿ ಮಾತ್ರ ಅಲ್ಲಾಡುತ್ತಿರುತ್ತದೆ. “ಏನು ಬೇಡಿಕೊಂಡೆ ಅಜ್ಜಿ?” ಎಂದು ಒಮ್ಮೆ ಕೇಳಿದೆ.

“ಬೇಡುವುದೆಂತದ್ದು? ಮಕ್ಕಳ ಹೆಸರು ಒಂದೊಂದಾಗಿ ಹೇಳುತ್ತೇನೆ. ದೇವರಿಗೆ ಮರೆತು ಹೋಗಬಾರದಲ್ಲ.”

ಮೇ 18ಕ್ಕೆ ಮಾವ ಬಂದ, ನಾಲ್ಕೇ ದಿನಕ್ಕೆ. ಮೊದಲ ದಿನ ನಿದ್ದೆಯಲ್ಲಿ, ಎರಡನೆಯದು ಬ್ಯಾಂಕಿನ ಕೆಲಸದಲ್ಲಿ ಹೋಯಿತು. ಮೂರನೇ ದಿನ ಮಧ್ಯಾಹ್ನ ಜಗಲಿಗೆ ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಮಗನ ವಿಷಯ ಬಂತು. ಅಜ್ಜಿ ಕಾಗೆಯ ಹೆಸರೆತ್ತಲಿಲ್ಲ. ಮಾವನೂ ನಿಲ್ಲಿಸಲಿಲ್ಲ, ದನಿ ಮಾತ್ರ ತಗ್ಗಿತು. ಅಂದು ಕಾಗೆಗಳು ನಿಜವಾಗಿಯೂ ಬಂದು ಆರು ಹಪ್ಪಳ ಹಾಳು ಮಾಡಿದವು.

ಬಸ್ಸಿಗೆ ಹೊರಟಾಗ ಅವನ ಚೀಲದಲ್ಲಿ ನೂರು ಹಪ್ಪಳ, ಒಂದು ಡಬ್ಬಿ ಪುನರ್ಪುಳಿ. ಪುಸ್ತಕದಲ್ಲಿ ಇಪ್ಪತ್ತು ಪುಟ ಉಳಿದಿತ್ತು. ಮರುದಿನ ನಾನು ಓದಲು ಕೂತರೆ ಅಜ್ಜಿ ಬೇಡವೆಂದಳು.

“ಗುರುತಿಗೆ ಒಂದು ಗರಿ ಇಡು. ದೀಪಾವಳಿಗೆ ಬರುತ್ತಾನಂತೆ.”