ಎರಡು ಮ್ಯಾಲ, ಎರಡು ಕೆಳಗ

ವಾಚನಾಲಯದ ಪುಸ್ತಕಕ್ಕೆ ಏನರೆ ಬರೆದು ಕೊಡ್ರಿ ಅಂದಾಗ, ಈ ಮನುಷ್ಯಾ ಹಂತಿ ಪದದ ಬಗ್ಗೆನೇ ಬರೀತಾನ ಅಂತ ನಮ್ಮ ಮಾಸ್ತರರು ತಿಳಕೊಂಡಿದ್ದರು. ಹಂತಿ ಪದದ ಬಗ್ಗೆ ಈಗ ಹೇಳೋದು ಒಂದೇ ಮಾತು: ಪದ ನನ್ನ ಹತ್ತಿರ ಅವ, ಕಣ ಇಲ್ಲ. ರಾಶಿ ಮಷೀನ್ ಬಂದು ಎತ್ತು ಮೇಟಿ ಸುತ್ತೋದು ನಿಂತ ಮ್ಯಾಲ ರಾತ್ರಿಯೆಲ್ಲ ಹಾಡೋದೂ ನಿಂತಿತು. ಅದಕ್ಕ ಈ ಸಲ ಬೇರೆ ಬರೀತೀನಿ. ಗೇಣುದ್ದದ ಕಾರಿಗೆ ಕಾರ್ಬನ್ ಬಟ್ಟೆಯ ಚಿತ್ರ ಅಂಟಿಸೋದು ಹ್ಯಾಂಗ ಅನ್ನೋದು. ನಗೋರು ಈಗಲೇ ನಕ್ಕು ಮುಗಿಸ್ರಿ.

ನನ್ನ ಮೊಮ್ಮಗ ಸೋಲಾಪುರದಾಗ ಡಿಪ್ಲೊಮಾ ಓದ್ತಾನ. ಸಾಲಿ ಕಲಿತದ್ದು ಮರಾಠಿಯೊಳಗ, ಈಗ ಇಂಗ್ಲಿಷ್. ನನ್ನ ಜೋಡಿ ಮಾತು ಕನ್ನಡದಾಗ ಶುರು ಮಾಡಿ ನಡುವೆ ಮರಾಠಿಗೆ ಹೊರಳ್ತಾನ. ಅದು ತಪ್ಪಲ್ಲ, ನಮ್ಮ ಅಕ್ಕಲಕೋಟ ತಾಲೂಕಿನಾಗ ಯಾರ ಮನ್ಯಾಗ ಹಂಗಿಲ್ಲ? ಆದರೆ ಬರಬರುತ್ತಾ ನಮ್ಮಿಬ್ಬರ ಮಾತು "ಊಟ ಆಯ್ತೇನು ಮುತ್ಯಾ", "ಮಳಿ ಆಯ್ತೇನು" ಇಷ್ಟಕ್ಕ ಬಂದು ನಿಂತಿತ್ತು. ಆಮ್ಯಾಲ ಅವ ಮೊಬೈಲ್ ನೋಡ್ತಿದ್ದ, ನಾ ಆಕಾಶ ನೋಡ್ತಿದ್ದೆ.

ಒಂದು ದೀಪಾವಳಿ ರಜೆಗೆ ಬರುವಾಗ ಅವ ಒಂದು ಡಬ್ಬಿ ತಂದ. ಜಪಾನಿನ ತಮಿಯಾ ಕಂಪನಿಯದು. ಒಳಗ ಪ್ಲಾಸ್ಟಿಕ್ಕಿನ ಬಿಡಿ ಭಾಗಗಳು. ಕೂಡಿಸಿದರೆ ಲಾಫೆರಾರಿ ಅನ್ನೋ ಕಾರು, ಖರೇ ಕಾರಿನ 24ನೇ ಒಂದು ಪಾಲಿನ ಅಳತೆ. ಖರೇ ಕಾರು 4.7 ಮೀಟರ್ ಉದ್ದ, ಇದು ಗೇಣಿಗೆ ತುಸು ಕಡಿಮೆ. ಖರೇದವನ್ನ ಇಟಲಿಯೊಳಗ 2013ರಿಂದ ಮಾಡಿ ಮಾರಿದ್ದು 499. ಆಮ್ಯಾಲ 2016ರಲ್ಲಿ ಇನ್ನೊಂದು ಮಾಡಿ, ಲಿಲಾವಿಗಿಟ್ಟು, ಬಂದ ರೊಕ್ಕ ಅಲ್ಲಿಯ ಭೂಕಂಪದ ಸಂತ್ರಸ್ತರಿಗೆ ಕೊಟ್ಟರಂತೆ. ನಮ್ಮ ಸೀಮೆಯವರಿಗೆ ಭೂಕಂಪ ಅಂದರೆ 1993ರ ಕಿಲ್ಲಾರಿ ನೆನಪಾಗ್ತದ, ಆ ಮಾತು ನನಗ ಹಿಡಿಸಿತು.

ಡಬ್ಬಿಯ ಜೋಡಿ ಬ್ಯಾರೆ ಕೊಂಡು ತಂದ ಒಂದು ಕಾಗದ ಇತ್ತು. ಕರಿ ಬೂದಿ ಬಣ್ಣದ ಓರೆ ಗೆರೆ, ಅಂಗೈಯಗಲ. "ಇದೇನೋ, ಚಾಪಿ ಚಿತ್ರ?" ಅಂದೆ. "ಕಾರ್ಬನ್ ಫೈಬರ್" ಅಂದ. ನಾ ಬೆರಳಿಟ್ಟು ನೋಡಿದೆ. ಎರಡು ಎಳಿ ಮ್ಯಾಲ, ಎರಡು ಎಳಿ ಕೆಳಗ, ಮುಂದಿನ ಸಾಲು ಒಂದು ಎಳಿ ಸರಕೊಂಡು ಮತ್ತ ಹಂಗೇ. ಮಗ್ಗದ ಮ್ಯಾಲ ಕುಂತವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ.

1972ರ ಬರಗಾಲದಾಗ ನಮ್ಮಪ್ಪ ನಮ್ಮನ್ನೆಲ್ಲ ಕಟಗೊಂಡು ಸೋಲಾಪುರಕ್ಕ ಹೋಗಿದ್ದ. ನನ್ನ ಸಾಲಿ ಏಳನೆತ್ತೆಗೆ ಮುಗೀತು. ಮಗ್ಗದ ಮನ್ಯಾಗ ನಾನು ಕಂಡಿಕೆ ಸುತ್ತುತ್ತಿದ್ದೆ. ಮಾಲಕರು ತೆಲುಗು, ಓಣಿ ಮರಾಠಿ. ನಮ್ಮಪ್ಪ ಮಾತ್ರ ಉದ್ದೆಳಿಗೆ ಹಾಸು, ಅಡ್ಡೆಳಿಗೆ ಹೊಕ್ಕು ಅಂತ ಕನ್ನಡದಾಗೇ ಹೇಳಿಕೊಟ್ಟ. ಮಳಿ ಬಂದ ಮ್ಯಾಲ ಹೊಲಕ್ಕ ತಿರುಗಿ ಬಂದೆವು. ಆ ಎರಡು ಶಬ್ದ ಐವತ್ತು ವರ್ಷ ನನ್ನ ಬಾಯಾಗ ಕೆಲಸಿಲ್ಲದೆ ಕುಂತಿದ್ದವು.

ಕಾರ್ಬನ್ ಎಳಿ ಅಂದರೆ ಒಂದು ನಮೂನಿ ಇದ್ದಿಲು. ಕೃತಕ ನೂಲನ್ನ ಗಾಳಿಯ ಆಮ್ಲಜನಕ ತಾಗದಂಗ ಸಾವಿರ ಡಿಗ್ರಿ ದಾಟಿಸಿ ಕಾಸಿದರೆ ಉಳಿಯೋದು ಹೆಚ್ಚಾಗಿ ಇಂಗಾಲ. ಒಂದೆಳಿ ಕೂದಲಿನ ಹತ್ತನೇ ಪಾಲಿನಷ್ಟು ಸಣ್ಣದು. ಅಂಥವು ಮೂರು ಸಾವಿರ ಕೂಡಿಸಿ ಒಂದು ಪಟ್ಟಿ ಮಾಡಿ, ಆ ಪಟ್ಟಿಗಳನ್ನ ಬಟ್ಟಿಯಂಗ ನೇಯ್ದು, ರಾಳ ಕುಡಿಸಿ, ಒತ್ತಡದಾಗ ಬೇಯಿಸ್ತಾರ. ಹಗುರ, ಆದರೆ ಬಲು ಬಿರುಸು. 1981ರಲ್ಲಿ ಮೆಕ್‌ಲಾರೆನ್ ತಂಡದವರು ರೇಸ್ ಕಾರಿನ ಒಡಲನ್ನ ಇದರಿಂದ ಮಾಡಿದಾಗ, ಗುದ್ದಿದರೆ ಪುಡಿಯಾಗ್ತದ ಅಂತ ಹೆದರಿದವರು ಇದ್ದರು. ಅದೇ ವರ್ಷ ಇಟಲಿಯ ಮೋಂಜಾದಾಗ ಜಾನ್ ವಾಟ್ಸನ್ ಅನ್ನೋ ಚಾಲಕನ ಕಾರು ಗುದ್ದಿ ಇಂಜಿನ್ನೇ ಕಿತ್ತು ಹೋಯಿತು. ಅವ ನಡಕೋತ ಹೊರಗ ಬಂದ. ಇದನ್ನೆಲ್ಲ ಹೇಳಿದವ ಮೊಮ್ಮಗ. ಅವ ಇಷ್ಟುದ್ದ ಮಾತಾಡಿದ್ದು ನಾ ಅವತ್ತೇ ಕೇಳಿದೆ.

ಈಗ ಅಂಟಿಸೋ ಕೆಲಸ. ಮೊದಲು ಆ ಭಾಗಕ್ಕ ಕರಿ ಬಣ್ಣ ಹೊಡೆದು ನುಣ್ಣಗ ಇರಬೇಕು. ಉರುಬುರುಕು ಇದ್ದರೆ ಚಿತ್ರದ ಕೆಳಗ ಗಾಳಿ ಕುಂತು ಬೆಳ್ಳಗ ಮಿಂಚ್ತದ. ಆಮ್ಯಾಲ ಅಳತಿ. ಭಾಗದ ಮ್ಯಾಲ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಚಿನ ಗುಂಟ ಬ್ಲೇಡ್ ಆಡಿಸಿ, ಆ ತುಂಡು ಬಿಡಿಸಿ ಚಿತ್ರದ ಕಾಗದದ ಮ್ಯಾಲ ಹಚ್ಚಿ, ತುಸು ಹೆಚ್ಚು ಬಿಟ್ಟು ಕತ್ತರಿಸೋದು. ಕುಬಸ ಹೊಲಿಯೋರು ಹಳೇ ಕುಬಸ ಇಟ್ಟು ಬಟ್ಟಿ ಕತ್ತರಿಸಿದಂಗ. ಕತ್ತರಿಸಿದ ತುಂಡು ಹದಿನೈದು ಸೆಕೆಂಡು ಉಗುರುಬೆಚ್ಚನ ನೀರಾಗ ಅದ್ದಿ ತೆಗೆದು ಒಂದು ನಿಮಿಷ ಬಿಡಬೇಕು. ಆಗ ಚಿತ್ರ ಕಾಗದದಿಂದ ತಾನೇ ಜಾರ್ತದ. ಜಗ್ಗಬಾರದು, ಜಾರಿಸಬೇಕು.

ನೀರಿನ ಮಾತು ಹೇಳಲೇಬೇಕು. ನಮ್ಮ ಬೋರಿನ ನೀರು ಸವಳು. ಒಣಗಿದ ಮ್ಯಾಲ ಕರಿ ಚಿತ್ರದ ಮ್ಯಾಲ ಬಿಳಿ ಕಲೆ ಎದ್ದವು. ಮೊಮ್ಮಗ ತಲಿ ಹಿಡಕೊಂಡು ಕುಂತ. ನಾ ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬಾಟಲಿ ತಂದು ಇಟ್ಟೆ. (ಹುಡುಗರು ಓದ್ತಿದ್ದರೆ ಕೇಳ್ರಿ: ಆ ನೀರು ಬೇರೆ, ಬ್ಯಾಟರಿ ಆಸಿಡ್ ಬೇರೆ. ಆಸಿಡ್ ಮುಟ್ಟಬ್ಯಾಡ್ರಿ.) ಅಲ್ಲಿಂದ ಕಲೆ ಬರಲಿಲ್ಲ. ಧೂಳಿಗೆ ಉಪಾಯ ನಮ್ಮ ಮನಿಯಾಕಿದು. ನೆಲಕ್ಕ ನೀರು ಚಿಮುಕಿಸಿ ಬಾಗಿಲು ಮುಂದ ಮಾಡಿ ಹೋದಳು.

ಸಪಾಟ ಜಾಗದಾಗ ಅಂಟಿಸೋದು ಯಾರ ಕೈಲೂ ಆಗ್ತದ. ಕಷ್ಟ ಇರೋದು ಬಾಗಿದ ಕಡೆ. ಕಾರಿನ ಹಿಂದ, ಕೆಳಗ, ಗಾಳಿ ಹಾಯಲಿಕ್ಕೆ ನಿಲ್ಲಿಸಿದ ರೆಕ್ಕಿಗಳು ಅವ. ಅಲ್ಲಿ ಒಂದೇ ತುಂಡು ಕೂಡೋದಿಲ್ಲ. ಅದಕ್ಕ ಒಂದು ಔಷಧ ಅದ, ಹಚ್ಚಿದರೆ ಚಿತ್ರ ಮೆತ್ತಗಾಗಿ ಮುದುರ್ತದ. ನೋಡಿದವರ ಎದಿ ಧಸಕ್ ಅನ್ನಬೇಕು, ಹಂಗ ಮುದುರ್ತದ. ಆಗ ಮುಟ್ಟಬಾರದು. ಒಣಗಿಕೋತ ಅದೇ ಚಾಚಿಕೊಂಡು ಮೈಗೆ ಹತ್ತಿ ಕೂಡ್ತದ. ಮೊಮ್ಮಗನ ಬೆರಳು ತಡೀಲಿಲ್ಲ, ಮುಟ್ಟಿದ, ಒಂದು ತುಂಡು ಹರೀತು. ಎರಡನೇದಕ್ಕ ಅವನ ಕೈ ನನ್ನ ಕೈಯಾಗ ಹಿಡಕೊಂಡು ಕುಂತೆ. ಹತ್ತು ನಿಮಿಷ ಇಬ್ಬರೂ ಸುಮ್ಮನೆ ನೋಡಿದೆವು. ಮೂಲಿಯೊಳಗ ಸಣ್ಣ ಸೀಳು ಕೊಟ್ಟು, ಕಿವಿಗೆ ಹಾಕೋ ಹತ್ತಿ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಉರುಳಿಸಿ ನೀರು ಹೊರಗ ಹಾಕಿದೆವು. ಒಂದು ರಾತ್ರಿ ಒಣಗಿದ ಮ್ಯಾಲ ಹೊಳಪಿನ ವಾರ್ನಿಶ್, ಅದೂ ಮೊದಲು ತೆಳ್ಳಗ. ಒಮ್ಮೆಲೆ ದಪ್ಪ ಹೊಡೆದರೆ ಚಿತ್ರವನ್ನೇ ತಿಂದುಬಿಡ್ತದ.

ಮೊಮ್ಮಗನಿಗೆ ಒಂದು ಕೊರಗು ಇತ್ತು. ಖರೇ ಕಾರಿನ ನೇಯ್ಗೆ ಪಟ್ಟಿ ಸುಮಾರು 2 ಮಿಲಿಮೀಟರ್ ಅಗಲ. 24ರಿಂದ ಭಾಗಿಸಿದರೆ ಕೂದಲೆಳಿಯಷ್ಟು. ಕಾಗದದ ಮ್ಯಾಲಿಂದು ಅದಕ್ಕಿಂತ ದಪ್ಪ, ಲೆಕ್ಕಕ್ಕ ಕೂಡೋದಿಲ್ಲ ಅಂತ. ದೊಡ್ಡಾಟದಾಗ ರಾಜನ ಹುಬ್ಬು ಹೆಬ್ಬೆರಳಿನಷ್ಟು ದಪ್ಪ ಬರೀತಾರಲ್ಲ, ಯಾಕ? ಹಿಂದ ಕುಂತ ಮುದುಕಿಗೂ ಕಾಣಬೇಕು. ಲೆಕ್ಕದ ಪ್ರಕಾರ ಮಾಡಿದರೆ ಬರೀ ಬೂದಿ ಬಣ್ಣ ಕಾಣ್ತದ, ನೇಯ್ಗೆ ಕಾಣೋದಿಲ್ಲ. ಹಂಗಂದೆ, ಅವ ಒಪ್ಪಿದನೋ ಇಲ್ಲೋ, ಕೆಲಸ ಮುಂದುವರಿಸಿದ.

ಗೆರೆಯ ದಿಕ್ಕಿನ ವಿಷಯದಾಗ ಮಾತ್ರ ನಾ ಬಿಡಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಓರೆ ಹಚ್ಚಿದರೆ ಕಾರು ಒಂದು ಕಡೆ ವಾಲಿದಂಗ ಕಾಣ್ತದ. ನಡುಗೆರೆಯ ಎರಡೂ ಕಡೆ ಮೀನಿನ ಮುಳ್ಳಿನಂಗ ಎದುರುಬದುರು ಇರಬೇಕು. ಕಾಗದ ಮಗುಚಿ ಹಾಕಲಿಕ್ಕೆ ಬರೋದಿಲ್ಲ, ಅಂಟು ಒಂದೇ ಬದಿಗೆ. ಕಾಲುಸುತ್ತು ತಿರುವಿದರೆ ಸಾಕು, ಓರೆ ತಾನೇ ಆ ಕಡೆ ಹೊರಳ್ತದ. ಹಾಸು ಇದ್ದಲ್ಲಿ ಹೊಕ್ಕು ಬರ್ತದ. ಇದನ್ನ ಹೇಳಲಿಕ್ಕೆ ಆ ಎರಡು ಶಬ್ದ ಇಲ್ಲದೆ ಆಗಲಿಲ್ಲ. ಅವನಿಗೆ ಇವಕ್ಕ ಮರಾಠಿ ಶಬ್ದವೂ ಗೊತ್ತಿರಲಿಲ್ಲ. ಕಾಗದದ ಅಂಚಿಗೆ ಬಾಣದ ಗುರುತು ಹಾಕಿ "ಹಾ" ಅಂತ ಮರಾಠಿ ಅಕ್ಷರದಾಗ ಬರಕೊಂಡ. ಪಕ್ಕಕ್ಕ ನಾ ನಮ್ಮ "ಹಾ" ಬರೆದೆ.

ರಜೆ ಮುಗಿದು, ಅರ್ಧ ಆದ ಕಾರು ಡಬ್ಬಿಯಾಗಿಟ್ಟುಕೊಂಡು ಎಸ್‌ಟಿ ಬಸ್ಸಿಗೆ ಹೋದ. ಹದಿನೈದು ದಿನಕ್ಕ ರಾತ್ರಿ ಒಂಬತ್ತಕ್ಕ ಫೋನ್ ಬಂತು. ಊಟದ ಮಾತಿಲ್ಲ, ಮಳಿ ಮಾತಿಲ್ಲ.

"ಮುತ್ಯಾ, ಎಡಗಡೆ ತುಂಡು ಕತ್ತರಸ್ಲಿಕತ್ತೀನಿ. ಉದ್ದಕ್ಕ ಹಾಸು ಹೋಗಬೇಕೋ, ಹೊಕ್ಕೋ?"

"ಬಲಕ್ಕ ಯಾವುದು ಹೋಗ್ಯದ?"

"ಹಾಸು."

"ಹಂಗಾದ್ರ ಎಡಕ್ಕ ಹೊಕ್ಕು" ಅಂದೆ. "ನೀರು ಯಾವುದು ತಗೊಂಡಿ?"